ಬಿಸಿನೀರು ದಾಟಿ ಬಂದ ಕ್ಯಾನ್: ಸ್ಪ್ರೇ ತುಂಬಿಸುವ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಬೇರೆ ಬೇರೆ ಬ್ರಾಂಡ್‌ಗಳಿಗೆ ಸ್ಪ್ರೇ ಕ್ಯಾನ್ ತುಂಬಿಸಿಕೊಡುವ ಕಾರ್ಖಾನೆಗಳಲ್ಲಿ ನಾನು 24 ವರ್ಷ ಕೆಲಸ ಮಾಡಿದ್ದೇನೆ. ಶುರುವಾಗಿದ್ದು ಪ್ಯಾಕಿಂಗ್ ಟೇಬಲ್‌ನಲ್ಲಿ. ಆಮೇಲೆ ಕ್ಯಾನಿನ ಬಾಯಿಗೆ ವಾಲ್ವ್ ಒತ್ತಿ ಕೂರಿಸುವ ಕ್ರಿಂಪಿಂಗ್ ಮಷಿನ್. ಕೊನೆಯ 13 ವರ್ಷ ಕ್ವಾಲಿಟಿ ವಿಭಾಗ. ಈ ಸಲ ಬಂದ ಪ್ರಶ್ನೆಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಎರಡೇ ಮಾತು ಸಾಕು, ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಪ್ರಶ್ನೆ: ನಾನು ಬಳಸುವ ಡಿಯೋಡರೆಂಟ್ ಒಂದು ಬ್ರಾಂಡ್, ನನ್ನ ತಂಗಿಯದು ಇನ್ನೊಂದು. ಎರಡರ ಹಿಂದೆಯೂ ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು ಒಂದೇ ಇದೆ. ಇದು ಮೋಸ ಅಲ್ವಾ?

ಅಲ್ಲ. ಸ್ಪ್ರೇ ಕ್ಯಾನ್ ತುಂಬಿಸಲು ಬೆಂಕಿ ಹತ್ತುವ ಗ್ಯಾಸಿನ ದೊಡ್ಡ ಟ್ಯಾಂಕ್ ಬೇಕು, ಗ್ಯಾಸ್ ತುಂಬಿಸಲು ಪ್ರತ್ಯೇಕ ಕೋಣೆ, ಅಂದರೆ ಗ್ಯಾಸ್ ಹೌಸ್ ಬೇಕು, ಅದಕ್ಕೆ ಪರವಾನಗಿ ಬೇಕು, ತರಬೇತಾದ ಜನ ಬೇಕು. ಒಂದೇ ಒಂದು ಡಿಯೋಡರೆಂಟ್ ಮಾರುವ ಕಂಪನಿ ಇಷ್ಟನ್ನೆಲ್ಲ ಕಟ್ಟಿಕೊಂಡು ಕೂತರೆ ಪೂರೈಸುವುದಿಲ್ಲ. ಹಾಗಾಗಿ ತುಂಬಿಸುವ ಕೆಲಸವನ್ನು ನಮ್ಮಂಥವರಿಗೆ ಕೊಡುತ್ತಾರೆ. ಬೆಳಗ್ಗೆ ಡಿಯೋಡರೆಂಟ್, ಮಧ್ಯಾಹ್ನ ಲೈನ್ ತೊಳೆದು ಸೊಳ್ಳೆ ಸ್ಪ್ರೇ, ಮರುದಿನ ಇನ್ನೊಬ್ಬರ ಡಿಯೋಡರೆಂಟ್ ಅನ್ನುವುದು ನಮಗೆ ದಿನದ ಮಾತು. ಆದರೆ ಫಾರ್ಮುಲಾ ಬೇರೆ, ಸುವಾಸನೆ ಬೇರೆ, ಎಷ್ಟೋ ಸಲ ವಾಲ್ವ್ ಕೂಡ ಬೇರೆ. ಒಬ್ಬರ ಫಾರ್ಮುಲಾ ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇವೆಂದು ಬರೆದು ಸಹಿ ಮಾಡಿರುತ್ತೇವೆ. ಹಿಂದಿನ ಆ ಸಣ್ಣ ಅಕ್ಷರ ಇರುವುದು ನಿಮ್ಮ ಒಳ್ಳೆಯದಕ್ಕೇ. ಏನಾದರೂ ತೊಂದರೆಯಾದರೆ ಆ ಹೆಸರು ಮತ್ತು ಕ್ಯಾನಿನ ಮೇಲೆ ಅಚ್ಚಾದ ಬ್ಯಾಚ್ ನಂಬರ್ ಹಿಡಿದುಕೊಂಡು, ಅದು ಯಾವ ದಿನ ಯಾವ ಶಿಫ್ಟ್‌ನಲ್ಲಿ ತುಂಬಿದ್ದು ಅನ್ನುವವರೆಗೂ ಹೋಗಬಹುದು.

ಪ್ರಶ್ನೆ: ನಾನು ಸ್ವಂತ ಬ್ರಾಂಡ್ ಶುರು ಮಾಡುತ್ತಿದ್ದೇನೆ. ನೀರು ಆಧಾರದ ಕ್ಲೀನಿಂಗ್ ಫೋಮ್. ತುಂಬಿಸಿಕೊಡುವ ಒಬ್ಬರು "ಮೊದಲು ಮೂರು ತಿಂಗಳು ಕ್ಯಾನ್ ಟೆಸ್ಟ್ ಮಾಡೋಣ" ಎನ್ನುತ್ತಾರೆ. ಇನ್ನೊಬ್ಬರು "ಮುಂದಿನ ವಾರವೇ ತುಂಬಿಸಿಕೊಡ್ತೀವಿ" ಎನ್ನುತ್ತಾರೆ. ಮೊದಲನೆಯವರು ಸುಮ್ನೆ ಎಳೆಯುತ್ತಿದ್ದಾರಾ?

ಇಲ್ಲ. ಮೊದಲನೆಯವರ ಹತ್ತಿರ ಹೋಗಿ. ಯಾಕೆ ಅಂತ ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಹೇಳುತ್ತೇನೆ.

ನಿಮ್ಮ ಹಾಗೆಯೇ ಒಬ್ಬ ಗ್ರಾಹಕರಿಗೆ ತವರದ ಕ್ಯಾನಿನಲ್ಲಿ (ಅಂದರೆ ತವರ ಲೇಪಿಸಿದ ಉಕ್ಕಿನ ತಗಡಿನ ಕ್ಯಾನಿನಲ್ಲಿ) ಕ್ಲೀನಿಂಗ್ ಫೋಮ್ ತುಂಬಿಸುತ್ತಿದ್ದೆವು. ಎರಡು ವರ್ಷ ಒಂದೂ ದೂರು ಇರಲಿಲ್ಲ. ಒಂದು ಸಲ ಅವರು ನೊರೆ ಬರಿಸುವ ಪದಾರ್ಥವನ್ನು ಹೊಸ ಕಡೆಯಿಂದ ತರಿಸಿದರು. ಹೆಸರು ಅದೇ, ಬಣ್ಣ ಅದೇ, ನೊರೆಯೂ ಅಷ್ಟೇ. ಮತ್ತೆ ಟೆಸ್ಟ್ ಮಾಡೋಣ ಅಂದೆ. ಅರ್ಜೆಂಟ್ ಅಂದರು. ನಾನು ಒಪ್ಪಿ ಸಹಿ ಹಾಕಿದೆ.

ಹತ್ತು ವಾರದ ಮೇಲೆ ಗೋದಾಮಿನಿಂದ ಫೋನ್ ಬಂತು. ಪೆಟ್ಟಿಗೆಗಳ ತಳ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಕ್ಯಾನ್ ತಂದು, ಗ್ಯಾಸ್ ಪೂರ್ತಿ ಬಿಡಿಸಿ, ಕತ್ತರಿಸಿ ಬಿಚ್ಚಿ ನೋಡಿದೆ. ತವರದ ಕ್ಯಾನ್ ಅಂದರೆ ಮೂರು ತುಂಡು: ಮೇಲಿನ ಗುಮ್ಮಟ, ಕೆಳಗಿನ ತಳ, ನಡುವೆ ತಗಡನ್ನು ಸುತ್ತಿ ವೆಲ್ಡ್ ಮಾಡಿದ ಮೈ. ಆ ವೆಲ್ಡ್ ಗೆರೆಯ ಉದ್ದಕ್ಕೂ ಒಳಗಡೆ ಸೂಜಿ ಚುಚ್ಚಿದ ಹಾಗೆ ಕಂದು ಚುಕ್ಕೆಗಳು. ಬೆಳಕಿಗೆ ಹಿಡಿದೆ. ಎರಡು ಚುಕ್ಕೆಗಳಲ್ಲಿ ಬೆಳಕು ಈ ಕಡೆ ಬಂತು. ಆ ಬೆಳಕು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗಿದ್ದೇನು ಅಂದರೆ, ಹೊಸ ಪದಾರ್ಥದಲ್ಲಿ ಉಪ್ಪಿನ ಅಂಶ ಹಳೆಯದಕ್ಕಿಂತ ಜಾಸ್ತಿ ಇತ್ತು. ನೊರೆ ಬರಿಸುವ ಎಷ್ಟೋ ಪದಾರ್ಥಗಳಲ್ಲಿ, ತಯಾರಿಸುವಾಗಲೇ ಸ್ವಲ್ಪ ಉಪ್ಪು ಉಳಿದಿರುತ್ತದೆ. ಅದರ ಕ್ಲೋರೈಡ್ ತಗಡನ್ನು ತಿನ್ನುತ್ತದೆ. ತುಕ್ಕು ತಡೆಯಲು ನಾವು ಹಾಕುತ್ತಿದ್ದ ಸೋಡಿಯಂ ನೈಟ್ರೈಟ್ ಹಳೆಯ ಉಪ್ಪಿಗೆ ಸಾಕಾಗುತ್ತಿತ್ತು, ಹೊಸದಕ್ಕೆ ಸಾಲಲಿಲ್ಲ. ವೆಲ್ಡ್ ಗೆರೆಯ ಮೇಲೆ ಒಳಗಡೆ ಲ್ಯಾಕರ್ ಅನ್ನುವ ರಕ್ಷಣೆಯ ಲೇಪ ಬಳಿದಿರುತ್ತಾರೆ, ಆದರೂ ಕ್ಯಾನಿನಲ್ಲಿ ಸೋಲುವ ಜಾಗ ಸಾಮಾನ್ಯವಾಗಿ ಅದೇ. ನಲವತ್ತು ಡಿಗ್ರಿ ಬಿಸಿಯ ಕಪಾಟಿನಲ್ಲಿ ಕೆಲವೇ ವಾರ ಇಟ್ಟಿದ್ದರೂ ಇದು ನಮ್ಮ ಕಣ್ಣಿಗೇ ಬೀಳುತ್ತಿತ್ತು. ಆ ಬ್ಯಾಚ್ ಪೂರ್ತಿ ವಾಪಸ್ ತರಿಸಿ ನಾಶ ಮಾಡಿದೆವು.

ಅಲ್ಯೂಮಿನಿಯಂ ಕ್ಯಾನ್ ಒಂದೇ ತುಂಡಿನದು, ವೆಲ್ಡ್ ಗೆರೆ ಇಲ್ಲ. ಅದಕ್ಕೆ ಅದರದೇ ಕಷ್ಟ ಇದೆ. ಕ್ಷಾರ ಜಾಸ್ತಿ ಇರುವ ದ್ರವ ಅದನ್ನು ಕರಗಿಸುತ್ತದೆ. ನೀರೇ ಇಲ್ಲದ ಶುದ್ಧ ಆಲ್ಕೋಹಾಲ್ ಕೂಡ ಅಲ್ಯೂಮಿನಿಯಂ ತಿನ್ನಬಲ್ಲದು ಅಂದರೆ ಹೊಸಬರು ನಂಬುವುದಿಲ್ಲ. ಅಲ್ಲಿ ಒಂದಿಷ್ಟು ನೀರು ಸೇರಿಸಿದರೆ ಕ್ಯಾನ್ ಬಾಳುತ್ತದೆ. ತವರಕ್ಕೆ ನೀರು ಶತ್ರು, ಇಲ್ಲಿ ನೀರೇ ನೆಂಟ. ವಾಲ್ವ್‌ನೊಳಗಿನ ರಬ್ಬರ್ ಗ್ಯಾಸ್ಕೆಟ್‌ನದು ಇನ್ನೊಂದು ಕಥೆ. ಡೈಮಿಥೈಲ್ ಈಥರ್ ಅನ್ನುವ ಗ್ಯಾಸ್ ಬಳಸಿದರೆ ಕೆಲವು ರಬ್ಬರ್ ಊದಿಕೊಳ್ಳುತ್ತದೆ, ಬಟನ್ ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುವುದಿಲ್ಲ. ಇದನ್ನೆಲ್ಲ ಕಾಗದ ನೋಡಿ ಹೇಳಲು ಆಗುವುದಿಲ್ಲ. ನಿಮ್ಮದೇ ದ್ರವ, ನಿಮ್ಮದೇ ಗ್ಯಾಸ್, ನಿಮ್ಮದೇ ಕ್ಯಾನ್, ನಿಮ್ಮದೇ ವಾಲ್ವ್ ಸೇರಿಸಿ, ಕೆಲವನ್ನು ನೆಟ್ಟಗೆ, ಕೆಲವನ್ನು ತಲೆಕೆಳಗಾಗಿ ಇಡಬೇಕು. ಸ್ವಲ್ಪ ಮಾಮೂಲಿ ಬಿಸಿಯಲ್ಲಿ, ಸ್ವಲ್ಪ ನಲವತ್ತು ಡಿಗ್ರಿಯಲ್ಲಿ. ತಿಂಗಳಿಗೊಮ್ಮೆ ತೂಕ ನೋಡಬೇಕು, ಕತ್ತರಿಸಿ ಒಳಗೆ ನೋಡಬೇಕು. ಮೂರು ತಿಂಗಳು ಅನ್ನುವುದೇ ಕಡಿಮೆ.

ಈ ಮೂರು ತಿಂಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಿ. ಮೊದಲ ಆರ್ಡರ್‌ಗೆ ಅಚ್ಚು ಹಾಕಿದ ಕ್ಯಾನ್ ಬೇಡ. ತಗಡಿನ ಹಾಳೆಯ ಮೇಲೆ ಅಚ್ಚು ಹಾಕುವವರು ಸಾವಿರಗಟ್ಟಲೆ ಇಲ್ಲದೆ ಮಷಿನ್ ಹಚ್ಚುವುದಿಲ್ಲ. ಸಾದಾ ಕ್ಯಾನಿಗೆ ಲೇಬಲ್ ಅಥವಾ ಸ್ಲೀವ್ ಹಾಕಿಸಿ. ನೀವೇ ಸಾಮಾನು ತಂದುಕೊಟ್ಟು ಬರೀ ತುಂಬಿಸುವ ಕೂಲಿ ಕೊಡುತ್ತೀರಾ, ಇಲ್ಲ ಕ್ಯಾನ್, ವಾಲ್ವ್, ಮುಚ್ಚಳ ಎಲ್ಲ ಅವರೇ ತರುತ್ತಾರಾ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಲೈನ್ ಶುರುವಾದಾಗ ತೂಕ ಹೊಂದಿಸುವ ತನಕ ಒಂದಷ್ಟು ಕ್ಯಾನ್ ಹಾಳಾಗುತ್ತವೆ, ಅದು ಯಾರ ಲೆಕ್ಕಕ್ಕೆ ಅನ್ನುವುದನ್ನೂ. ಫಾರ್ಮುಲಾದಲ್ಲಿ ಸುವಾಸನೆಯ ಒಂದು ಹನಿ ಬದಲಾದರೂ ತುಂಬಿಸುವವರಿಗೆ ಹೇಳಲೇಬೇಕು ಅನ್ನುವ ಸಾಲು ಒಪ್ಪಂದದಲ್ಲಿ ಇರಲಿ. ಆ ಸಾಲು ಇದ್ದಿದ್ದರೆ ನನಗೆ ಆ ದಿನ ಇಲ್ಲ ಅನ್ನಲು ಒಂದು ಕಾಗದ ಇರುತ್ತಿತ್ತು.

ಒಂದು ದಿನ ಕಾರ್ಖಾನೆಗೇ ಹೋಗಿ ನೋಡಿ. ತೂಕದ ಮಷಿನ್ ಪಕ್ಕ ತಿರಸ್ಕರಿಸಿದ ಕ್ಯಾನ್‌ಗಳ ಪೆಟ್ಟಿಗೆ ಇರುತ್ತದೆ. ಲೈನ್ ಗಂಟೆಗಟ್ಟಲೆ ಓಡಿದ ಮೇಲೂ ಅದು ಖಾಲಿ ಇದ್ದರೆ ಸಂತೋಷಪಡಬೇಡಿ, ಮಷಿನ್ ನಿಜಕ್ಕೂ ತಪ್ಪು ತೂಕದ ಕ್ಯಾನ್ ಹೊರಗೆ ಹಾಕುತ್ತಿದೆಯಾ ಅಂತ ಕೇಳಿ. ಕ್ರಿಂಪ್ ಅಳತೆಯ ಪುಸ್ತಕ ತೆರೆಸಿ. ಕ್ಯಾನಿನ ಬಾಯಿ ಒಂದು ಇಂಚು, ಅಂದರೆ 25.4 ಮಿ.ಮೀ. ವಾಲ್ವ್‌ನ ಬಟ್ಟಲನ್ನು ಅದರಲ್ಲಿ ಕೂರಿಸಿ, ಒಳಗಿನಿಂದ ಉಕ್ಕಿನ ಬೆರಳುಗಳು ಹರಡಿ ಬಟ್ಟಲಿನ ಗೋಡೆಯನ್ನು ಕ್ಯಾನಿನ ಅಂಚಿನ ಕೆಳಗೆ ಒತ್ತುತ್ತವೆ. ಅದೇ ಕ್ರಿಂಪ್. ವ್ಯಾಸ 27 ಮಿ.ಮೀ. ಆಸುಪಾಸು, ಆಳ 5 ಮಿ.ಮೀ. ಆಸುಪಾಸು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಆಚೀಚೆಯಾದರೂ ಸೋರಿಕೆ ಶುರುವಾಗಬಹುದು. ನಿಜವಾಗಿ ಅಳೆದವರ ಪುಸ್ತಕದಲ್ಲಿ ಅಂಕಿ ಸ್ವಲ್ಪ ಸ್ವಲ್ಪ ಕುಣಿಯುತ್ತಿರುತ್ತದೆ. ಪುಟ ಪೂರ್ತಿ 27.00, 27.00 ಅಂತಲೇ ಇದ್ದರೆ ಅದನ್ನು ಯಾರೋ ಕುರ್ಚಿಯಲ್ಲಿ ಕೂತು ಬರೆದಿದ್ದಾರೆ.

ಪ್ರಶ್ನೆ: ಕ್ಯಾನ್ ಅಲ್ಲಾಡಿಸಿದರೆ ಒಳಗೆ ಇನ್ನೂ ಅರ್ಧ ಇದೆ. ಬಟನ್ ಒತ್ತಿದರೆ ಏನೂ ಬರುವುದಿಲ್ಲ. ಗ್ಯಾಸ್ ಕಡಿಮೆ ತುಂಬಿಸಿದ್ದಾರಾ?

ಬಟನ್ನಿನ ತೂತು ಕಟ್ಟಿಕೊಂಡಿದೆಯಾ ಅಂತ ಮೊದಲು ನೋಡಿ. ತೆಗೆದು ಬಿಸಿನೀರಿನಲ್ಲಿ ತೊಳೆಯಿರಿ. ಬಟನ್ ಮಾತ್ರ, ಕ್ಯಾನ್ ಅಲ್ಲ. ಅದೂ ಸರಿ ಇದ್ದರೆ, ಹೆಚ್ಚಾಗಿ ಕ್ಯಾನ್ ತಲೆಕೆಳಗೆ ಹಿಡಿದು ಬಳಸಿದ್ದೇ ಕಾರಣ. ವಾಲ್ವ್‌ನಿಂದ ತಳದವರೆಗೆ ಒಂದು ತೆಳು ಕೊಳವೆ ಇಳಿದಿರುತ್ತದೆ. ತಲೆಕೆಳಗಾದಾಗ ಆ ಕೊಳವೆಯ ತುದಿ ದ್ರವದಿಂದ ಹೊರಗೆ ಬರುತ್ತದೆ, ಬರೀ ಗ್ಯಾಸ್ ಹೊರಟುಹೋಗುತ್ತದೆ. ಪೇಂಟ್ ಕ್ಯಾನಿನಲ್ಲಿ ಕೊನೆಗೆ ಎರಡು ಸೆಕೆಂಡ್ ತಿರುಗಿಸಿ ಒತ್ತಿ ಅನ್ನುವುದು ಇದೇ ಕಾರಣಕ್ಕೆ, ಗ್ಯಾಸ್ ಬಂದು ವಾಲ್ವ್ ತೊಳೆಯಲಿ ಅಂತ. ಬ್ಯೂಟೇನ್‌ನಂಥ ದ್ರವರೂಪದ ಗ್ಯಾಸ್ ಇದ್ದರೆ ಅದು ಒಳಗೇ ಆವಿಯಾಗಿ ಒತ್ತಡ ತುಂಬಿಕೊಡುತ್ತದೆ. ಒತ್ತುವಾಗ ಕ್ಯಾನ್ ತಣ್ಣಗಾಗುವುದೂ ಅದಕ್ಕೇ. ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಹಾಗೆ ಮೀಸಲು ಇರುವುದಿಲ್ಲ, ಹೋದದ್ದು ಹೋಯಿತು. ದಯವಿಟ್ಟು ಯಾವ ಕ್ಯಾನನ್ನೂ ಬಿಸಿ ಮಾಡಬೇಡಿ, ಚುಚ್ಚಬೇಡಿ.

ಪ್ರಶ್ನೆ: ಸ್ಪ್ರೇ ಕ್ಯಾನ್ ಕಂಡುಹಿಡಿದವರು ಯಾರು? ಅದು ಓಝೋನ್ ಪದರಕ್ಕೆ ಈಗಲೂ ಹಾನಿ ಮಾಡುತ್ತದೆಯೇ? (ಕಾಲೇಜು ವಿದ್ಯಾರ್ಥಿನಿ)

ನಾರ್ವೆಯ ಎರಿಕ್ ರೋತೈಮ್ 1927ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ದೊಡ್ಡದಾಗಿ ಬಳಕೆಗೆ ಬಂದಿದ್ದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕದ ಕೃಷಿ ಇಲಾಖೆಯ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲಿವನ್ ಸೈನಿಕರಿಗಾಗಿ ಕೀಟನಾಶಕದ ಸ್ಪ್ರೇ ಮಾಡಿದರು, ಮಲೇರಿಯಾ ಸೊಳ್ಳೆಗಳ ಕಾಟಕ್ಕೆ. ಆಗಿನ ಡಬ್ಬಿ ಗಟ್ಟಿ ಉಕ್ಕಿನದು, ಭಾರ. 1949ರಲ್ಲಿ ರಾಬರ್ಟ್ ಅಬ್‌ಪ್ಲನಾಲ್ಪ್ ಅಗ್ಗದ, ಸೋರದ ವಾಲ್ವ್ ಮಾಡಿದ ಮೇಲೆ ಇದು ಹಗುರ ಕ್ಯಾನ್ ಆಯಿತು.

ಓಝೋನ್‌ಗೆ ಹಾನಿ ಮಾಡಿದ್ದು ಹಿಂದೆ ಕ್ಯಾನ್‌ಗಳಲ್ಲಿ ತುಂಬುತ್ತಿದ್ದ ಸಿಎಫ್‌ಸಿ ಅನ್ನುವ ಗ್ಯಾಸ್‌ಗಳು. 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಅದನ್ನು ಹೇಳಿದರು. 1978ರಲ್ಲಿ ಅಮೆರಿಕ ಹೆಚ್ಚಿನ ಸ್ಪ್ರೇಗಳಲ್ಲಿ ಅದನ್ನು ನಿಲ್ಲಿಸಿತು, 1987ರಲ್ಲಿ ಓಝೋನ್ ಉಳಿಸಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದ ಆಯಿತು. ಈಗಿನ ಮಾಮೂಲಿ ಕ್ಯಾನ್‌ಗಳಲ್ಲಿ ಪ್ರೊಪೇನ್, ಬ್ಯೂಟೇನ್, ಐಸೊಬ್ಯೂಟೇನ್ ಇರುತ್ತವೆ. ಇವು ಓಝೋನ್ ಮುಟ್ಟುವುದಿಲ್ಲ. ಆದರೆ ಒಂದು ವಿಷಯ ಯಾರೂ ಹೇಳುವುದಿಲ್ಲ. ಸಿಎಫ್‌ಸಿಗೆ ಬೆಂಕಿ ಹತ್ತುತ್ತಿರಲಿಲ್ಲ, ಇವಕ್ಕೆ ಹತ್ತುತ್ತದೆ. ಆಕಾಶದ ಅಪಾಯ ಕಡಿಮೆಯಾದಾಗ, ತುಂಬಿಸುವ ಕೋಣೆಯಲ್ಲಿ ನಿಂತವರ ಅಪಾಯ ಜಾಸ್ತಿಯಾಯಿತು. ಅವರು ಅದನ್ನು ದಿನಾ ಎಚ್ಚರದಿಂದ ಹೊತ್ತುಕೊಂಡಿದ್ದಾರೆ. ಮುಂದಿನ ಪ್ರಶ್ನೆ ಅದರದೇ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಸ್ಪ್ರೇ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. "ಗ್ಯಾಸ್ ಹೌಸ್"ಗೆ ಹಾಕಿದ್ದಾರಂತೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಬಿಡಿಸಲೇ?

ಅಮ್ಮಾ, ನಿಮ್ಮ ಹೆದರಿಕೆ ಸುಳ್ಳಲ್ಲ. ಬಿಡಿಸುವ ಮೊದಲು ಮಗನನ್ನು ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿ.

ಗ್ಯಾಸ್ ಹೌಸ್ ಉಳಿದ ಕಟ್ಟಡದಿಂದ ಬೇರೆ ಇದೆಯಾ? ಕ್ಯಾನ್‌ಗಳು ಸಣ್ಣ ಕಿಂಡಿಯಿಂದ ಬೆಲ್ಟ್ ಮೇಲೆ ಒಳಗೆ ಹೋಗಿ ಗ್ಯಾಸ್ ತುಂಬಿಸಿಕೊಂಡು ಹೊರಗೆ ಬರಬೇಕು. ಒಳಗೆ ಜನ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದು ಗೋಡೆ ಅಥವಾ ಚಾವಣಿಯನ್ನು ಬೇಕಂತಲೇ ಹಗುರವಾಗಿ ಕಟ್ಟಿರುತ್ತಾರೆ, ಅನಾಹುತವಾದರೆ ಒತ್ತಡ ಆ ಕಡೆ ಹೋಗಲಿ ಅಂತ. ಫ್ಯಾನ್ ಗಾಳಿ ಎಳೆಯುವುದು ನೆಲಮಟ್ಟದಿಂದಲಾ? ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ. ಸೋರಿದರೆ ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ಗ್ಯಾಸ್ ಸೋರಿದ್ದನ್ನು ಪತ್ತೆ ಹಚ್ಚುವ ಡಿಟೆಕ್ಟರ್ ತಲೆಯ ಮೇಲೆ ಇದ್ದರೆ ಪ್ರಯೋಜನವಿಲ್ಲ, ಮೊಣಕಾಲಿನ ಕೆಳಗೆ ಇರಬೇಕು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಗ್ಯಾಸ್ ಸೇರಿದರೆ ಒಂದು ಕಿಡಿ ಸಾಕು. ಅದಕ್ಕೇ ಡಿಟೆಕ್ಟರ್ ಅದರ ಐದನೇ ಒಂದು ಭಾಗಕ್ಕೇ ಕೂಗುವ ಹಾಗೆ ಇಟ್ಟಿರುವುದು ವಾಡಿಕೆ.

ಇನ್ನೊಂದು ಮಾತು ನೀವೇ ಅವನಿಗೆ ಹೇಳಿ. ಅಡುಗೆ ಗ್ಯಾಸ್ ಸೋರಿದರೆ ನಮಗೆ ವಾಸನೆ ಬರುತ್ತದೆ, ಅಲ್ವಾ? ಆ ವಾಸನೆ ಗ್ಯಾಸಿನದಲ್ಲ, ಗೊತ್ತಾಗಲಿ ಅಂತ ಬೆರೆಸಿದ ಪದಾರ್ಥದ್ದು. ಸ್ಪ್ರೇಗೆ ಹಾಕುವ ಗ್ಯಾಸಿನಲ್ಲಿ ಅದು ಇರುವುದಿಲ್ಲ. ಇದ್ದರೆ ಡಿಯೋಡರೆಂಟ್ ಯಾರು ಕೊಳ್ಳುತ್ತಾರೆ? ಹಾಗಾಗಿ ಅಲ್ಲಿ ಮೂಗನ್ನು ನಂಬುವ ಹಾಗಿಲ್ಲ. ಅಲಾರ್ಮ್ ಹೊಡೆದಾಗ "ವಾಸನೆ ಏನೂ ಇಲ್ಲವಲ್ಲ" ಅಂತ ಒಳಗೇ ನಿಲ್ಲುವುದು ಹೊಸ ಹುಡುಗರು ಮಾಡುವ ತಪ್ಪು. ಅಲಾರ್ಮ್ ಹೊಡೆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಬರಬೇಕು, ಅಷ್ಟೇ.

ಸ್ಥಾಯೀ ವಿದ್ಯುತ್ ಹರಿದುಹೋಗುವಂಥ ಬೂಟು ಕೊಟ್ಟಿದ್ದಾರಾ, ಹತ್ತಿಯ ಬಟ್ಟೆ ಕೊಟ್ಟಿದ್ದಾರಾ, ಫೋನ್ ಬಾಗಿಲಲ್ಲೇ ಇಡಿಸುತ್ತಾರಾ ಕೇಳಿ. ಫ್ಯಾನ್ ಕೆಟ್ಟರೆ ಲೈನ್ ತಾನಾಗಿಯೇ ನಿಲ್ಲುತ್ತದಾ ಕೇಳಿ. ಇಷ್ಟಕ್ಕೂ ಹೌದು ಅಂದರೆ, ಅವನು ಕೆಲಸ ಕಲಿಯಲಿ. ನನ್ನ ಜೊತೆ 19 ವರ್ಷ ಗ್ಯಾಸ್ ಹೌಸ್ ನೋಡಿಕೊಂಡವರು ಒಬ್ಬರಿದ್ದರು. ಪ್ರತಿ ಶಿಫ್ಟ್ ಶುರುವಿಗೆ ಒಂದು ಡಿಟೆಕ್ಟರ್‌ಗೆ ಪರೀಕ್ಷೆಯ ಗ್ಯಾಸ್ ಹಿಡಿದು, ಅದು ಕೂಗಿದ ಮೇಲೇ ಲೈನ್ ಬಿಡುತ್ತಿದ್ದರು. ಅವರು ಒಂದು ಗಾಯವಿಲ್ಲದೆ ನಿವೃತ್ತರಾದರು. ಈ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲ ಅಂದರೂ ಬೇರೆ ವಿಭಾಗ ಕೇಳಲಿ. ಕೊಡದಿದ್ದರೆ ಬಿಡಿಸಿ.

ಪ್ರಶ್ನೆ: ಅಕ್ಕಾ, ನಾನು ವಾಟರ್ ಬಾತ್ ಹತ್ತಿರ ಕೆಲಸ ಮಾಡುತ್ತೇನೆ. ಶಿಫ್ಟ್ ಕೊನೆಯಲ್ಲಿ ಎಣಿಕೆ ಕಡಿಮೆ ಬಿದ್ದರೆ ಸೂಪರ್‌ವೈಸರ್ ಬೆಲ್ಟ್ ಜೋರು ಮಾಡಿಸುತ್ತಾರೆ. ನೀರಿನ ಬಿಸಿಯೂ ಇಳಿದಿರುತ್ತದೆ. "ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುತ್ತಾರೆ. ನಾನು ಏನು ಮಾಡಲಿ?

ತಮ್ಮಾ, ಈ ಪ್ರಶ್ನೆ ಕೇಳಿದ್ದಕ್ಕೆ ನಿನಗೆ ನಮಸ್ಕಾರ.

ಓದುಗರಿಗೆ ಮೊದಲು ಹೇಳುತ್ತೇನೆ. ತುಂಬಿದ ಪ್ರತಿ ಕ್ಯಾನನ್ನೂ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸಾಗಿಸುತ್ತಾರೆ. ನೂರಕ್ಕೆ ಒಂದಲ್ಲ, ಪ್ರತಿಯೊಂದು. ಕ್ಯಾನಿನ ಒಳಗಿನ ಒತ್ತಡ 50 ಅಥವಾ 55 ಡಿಗ್ರಿಯಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಮುಟ್ಟಬೇಕು ಅನ್ನುವುದು ಸಾಗಣೆಯ ಅಂತರರಾಷ್ಟ್ರೀಯ ನಿಯಮ. ಬಿಸಿ ತಡೆಯದ ಸರಕಿಗೆ, ಇಲ್ಲವೇ ಒಪ್ಪಿಗೆ ಪಡೆದ ಬೇರೆ ಪರೀಕ್ಷೆ ಇರುವ ಕಡೆ ಮಾತ್ರ ವಿನಾಯಿತಿ. ಐಸೊಬ್ಯೂಟೇನ್ ತುಂಬಿದ ಕ್ಯಾನಿನಲ್ಲಿ 20 ಡಿಗ್ರಿಗೆ ಸುಮಾರು 2 ಬಾರ್ ಒತ್ತಡ ಇದ್ದರೆ, 50 ಡಿಗ್ರಿಗೆ ಅದು 6 ಬಾರ್ ಹತ್ತಿರ ಹೋಗುತ್ತದೆ. ತಣ್ಣಗಿದ್ದಾಗ ಸುಮ್ಮನಿರುವ ಕೆಟ್ಟ ಕ್ರಿಂಪ್ ಆಗ ಬಾಯಿ ಬಿಡುತ್ತದೆ.

ಬಿಡುವುದು ಹೇಗೆ ಅಂತ ನಿನಗೆ ಗೊತ್ತು. ಸಾಲಾಗಿ ಹೋಗುವ ಕ್ಯಾನ್‌ಗಳ ನಡುವೆ ಒಂದರ ಕತ್ತಿನಿಂದ ಸಾಸಿವೆಯಷ್ಟು ಗುಳ್ಳೆಗಳ ದಾರ ಮೇಲೆ ಏಳುತ್ತದೆ. ಕ್ಯಾನ್ ಇಳಿಯುವಾಗ ಮೈಗಂಟಿದ ಗಾಳಿಯ ಗುಳ್ಳೆಯೂ ಬರುತ್ತದೆ, ಅದು ಒಂದೆರಡು ಬಂದು ನಿಲ್ಲುತ್ತದೆ. ಸೋರಿಕೆಯ ಗುಳ್ಳೆ ನಿಲ್ಲುವುದಿಲ್ಲ, ಒಂದೇ ಜಾಗದಿಂದ ಒಂದೇ ತಾಳಕ್ಕೆ ಬರುತ್ತಲೇ ಇರುತ್ತದೆ. ಅದನ್ನು ಕಣ್ಣು ಹಿಡಿಯಬೇಕಾದರೆ ಸಮಯ ಬೇಕು, ಒಳಗಿನ ದ್ರವ ಬಿಸಿಯಾಗಲೂ ಸಮಯ ಬೇಕು. ಬೆಲ್ಟ್ ಜೋರು ಮಾಡಿದರೆ ಎರಡೂ ಸಿಗುವುದಿಲ್ಲ. ಕ್ಯಾನಿನ ತಗಡು ಬಿಸಿಯಾಗಿರುತ್ತದೆ, ಒಳಗೆ ಇನ್ನೂ ತಣ್ಣಗೆ. ಅದು ಸ್ನಾನ ಅಷ್ಟೇ, ಪರೀಕ್ಷೆ ಅಲ್ಲ.

ಹಾಗೆ ದಾಟಿ ಹೋದ ಸೋರುವ ಕ್ಯಾನ್ ಎಲ್ಲಿಗೆ ಹೋಗುತ್ತದೆ ಯೋಚನೆ ಮಾಡು. ಮುಚ್ಚಿದ ಪೆಟ್ಟಿಗೆ, ಮುಚ್ಚಿದ ಲಾರಿ, ಬಿಸಿಲು. ಇಲ್ಲವೇ ಯಾರದೋ ಮಗುವಿನ ಕೋಣೆ.

ಈಗ ನೀನು ಮಾಡಬೇಕಾದದ್ದು. ಸೂಪರ್‌ವೈಸರ್ ಜೊತೆ ವಾದಕ್ಕೆ ನಿಲ್ಲಬೇಡ. ನಿನ್ನ ಜಾಗದಲ್ಲಿ ತೊಟ್ಟಿಯ ಬಿಸಿ ಬರೆಯುವ ಹಾಳೆ ಇರುತ್ತದೆ. ಬೆಲ್ಟ್ ಜೋರಾದ ಗಳಿಗೆಯಲ್ಲಿ ಗಡಿಯಾರ ನೋಡಿ, ಸಮಯ ಬರೆ, ನೀರಿನ ಬಿಸಿ ಬರೆ, ಬೆಲ್ಟ್ ವೇಗ ಬರೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಆಮೇಲೆ ಬಂದ ಒಂದು ಕ್ಯಾನ್ ಎತ್ತಿ ಕ್ವಾಲಿಟಿಯವರ ಕೈಗೆ ಕೊಟ್ಟು "ಒಳಗಿನ ಒತ್ತಡ ಎಷ್ಟಿದೆ ನೋಡಿ" ಅಂತ ಕೇಳು. ಗೇಜ್ ಹಿಡಿದರೆ ಒಂದು ನಿಮಿಷದ ಕೆಲಸ. ತೊಟ್ಟಿಯಿಂದ ಬಂದ ಕೂಡಲೇ ಅಳೆಯಬೇಕು, ತಡವಾದರೆ ತಣ್ಣಗಾಗುತ್ತದೆ. ಮುಟ್ಟಬೇಕಾದ ಒತ್ತಡ ಮುಟ್ಟಿಲ್ಲ ಅಂದರೆ, ಆ ಸಮಯದಿಂದ ಮುಂದೆ ದಾಟಿದ ಪೆಟ್ಟಿಗೆಗಳನ್ನು ಪಕ್ಕಕ್ಕೆ ಇಡಿಸಿ ಮತ್ತೆ ತೊಟ್ಟಿಗೆ ಇಳಿಸುವುದು ಕ್ವಾಲಿಟಿಯವರ ಜವಾಬ್ದಾರಿ. ನೀನು ಸಮಯ ಬರೆದಿದ್ದರೆ ಯಾವ ಪೆಟ್ಟಿಗೆಯಿಂದ ಅಂತ ಅವರಿಗೆ ಗೊತ್ತಾಗುತ್ತದೆ. ಬರೆಯದಿದ್ದರೆ ಇಡೀ ಶಿಫ್ಟ್ ಮಾಲು ಅನುಮಾನಕ್ಕೆ ಬೀಳುತ್ತದೆ. ಅದನ್ನು ಸೂಪರ್‌ವೈಸರ್‌ಗೂ ಸಮಾಧಾನವಾಗಿ ಹೇಳು. ಅವರ ಎಣಿಕೆಯೂ ಉಳಿಯುವ ದಾರಿ ಅದೇ.

ಅಲ್ಲೂ ಯಾರೂ ಕೇಳದಿದ್ದರೆ ನನಗೆ ಮತ್ತೆ ಬರೆ. ಆ ಹಾಳೆಯ ಒಂದು ನಕಲು ನಿನ್ನ ಹತ್ತಿರ ಇರಲಿ.